ಓದುಗರ ಪ್ರಶ್ನೆ: ತರಬೇತಿ ಕೇಂದ್ರದಿಂದ ಬಿಲ್ಲಿಂಗ್ ಕೌಂಟರಿಗೆ

ಪ್ರಶ್ನೆ: ನನಗೆ 53 ವರ್ಷ. ವಿಶೇಷಚೇತನ ಯುವಕರಿಗೆ ಪೇಪರ್ ಕವರ್, ಮೇಣದಬತ್ತಿ ಕೆಲಸ ಕಲಿಸಿ ಉದ್ಯೋಗಕ್ಕೆ ಹಚ್ಚುವ ಕೇಂದ್ರದಲ್ಲಿ 22 ವರ್ಷ ದುಡಿದೆ. ಕೇಂದ್ರ ಮುಚ್ಚುತ್ತಿದೆ. ಬಿ.ಎಚ್. ರಸ್ತೆಯ ಸೂಪರ್ ಮಾರ್ಕೆಟ್ಟಿನಲ್ಲಿ ಕೆಲಸಕ್ಕೆ ಕರೆದಿದ್ದಾರೆ. ಯಾವ ಕೆಲಸ ಕೇಳಲಿ? ಪಿ.ಎಫ್. ಹಣ ತೆಗೆದುಬಿಡಲೇ?
– ಓದುಗರು, ತುಮಕೂರು

ಉತ್ತರ: ಮೊದಲ ತಿಂಗಳೇ ಬಿಲ್ಲಿಂಗಿಗೆ ಕೂರಬೇಡಿ. ಕೂರುವುದು ಮಾತಿಗಷ್ಟೇ, ಬಹುತೇಕ ಕಡೆ ಅಲ್ಲಿ ನಿಂತೇ ಇರಬೇಕು. ರ‍್ಯಾಕ್ ಜೋಡಿಸುವ ಕೆಲಸ ಕೇಳಿ ಪಡೆಯಿರಿ. ಯಾವ ಮಾಲು ಎಲ್ಲಿದೆ, ಯಾವುದು ಬಿಡಿ ತೂಕದ್ದು ಎಂಬುದು ಕೈಗೆ ಹತ್ತುವುದು ಅಲ್ಲೇ. ಮೊದಲು ಎಕ್ಸ್‌ಪೈರಿ ಆಗುವುದು ಮುಂದೆ, ಉಳಿದದ್ದು ಹಿಂದೆ. ಮಾಲು ಬಂದ ದಿನ ನೋಡಿ ಜೋಡಿಸಿದರೆ ಎಡವುತ್ತೀರಿ. ತಡವಾಗಿ ಬಂದ ಪೆಟ್ಟಿಗೆಯ ಎಕ್ಸ್‌ಪೈರಿ ಬೇಗ ಇರುವುದುಂಟು. 25 ಕೆ.ಜಿ. ಅಕ್ಕಿ ಮೂಟೆ ಎತ್ತಲಾಗದು ಎಂಬುದನ್ನು ಸೇರುವ ದಿನವೇ ಹೇಳಿಬಿಡಿ.

ಒಂದು ಕೆಲಸವನ್ನು ಹತ್ತು ಸಣ್ಣ ಹಂತಗಳಾಗಿ ಬಿಡಿಸಿ ಕಲಿಸಿದವರು ನೀವು. ಬಿಲ್ಲಿಂಗನ್ನೂ ಹಾಗೇ ಬಿಡಿಸಿ ಚೀಟಿಯಲ್ಲಿ ಬರೆದುಕೊಳ್ಳಿ: ಶಿಫ್ಟಿಗೆ ಮುಂಚೆ ಪೆಟ್ಟಿಗೆಯ ಹಣವನ್ನು ನೋಟುವಾರು ಎಣಿಸುವುದು, ಸ್ಕ್ಯಾನ್ ಮಾಡುವುದು, ಪರದೆಯ ಬೆಲೆಯನ್ನು ಪೊಟ್ಟಣದ ಬೆಲೆಗೆ ತಾಳೆ ನೋಡುವುದು, ಮೊತ್ತ ಬಾಯಲ್ಲಿ ಹೇಳುವುದು, ಹಣ ಬಂದದ್ದನ್ನು ಖಚಿತಪಡಿಸಿಕೊಳ್ಳುವುದು, ಆಮೇಲೆ ಪಾವತಿಯ ಬಗೆ ಒತ್ತುವುದು.

ಹೆಚ್ಚಿನ ಎಡವಟ್ಟು ಈ ಕೊನೆಯ ಹಂತದಲ್ಲೇ. ಗಿರಾಕಿ 640 ರೂಪಾಯಿ ಯುಪಿಐ ಮಾಡಿರುತ್ತಾರೆ, ನೀವು ಕ್ಯಾಶ್ ಒತ್ತಿರುತ್ತೀರಿ. ರಾತ್ರಿ ಲೆಕ್ಕದಲ್ಲಿ ನಗದು 640 ಕಡಿಮೆ, ಯುಪಿಐ 640 ಹೆಚ್ಚು. ಎರಡೂ ಒಂದೇ ಮೊತ್ತವಾದರೆ ಆ ಬಿಲ್ ಹುಡುಕಿ ಮೇಲ್ವಿಚಾರಕರಿಂದ ಸರಿಪಡಿಸಿಕೊಳ್ಳಿ. ಹೆದರಿ ಕೈಯಿಂದ ಹಣ ಕಟ್ಟಬೇಡಿ. ಒಂದೇ ಬಾರ್‌ಕೋಡಿಗೆ ಹಳೆಯದು, ಹೊಸದು ಎಂದು ಎರಡು ಎಂ.ಆರ್.ಪಿ. ಇದ್ದಾಗ ಅವಸರದಲ್ಲಿ ಹೊಸದನ್ನೇ ಒತ್ತಿದರೆ ಪೊಟ್ಟಣದ ಮೇಲಿನದಕ್ಕಿಂತ ಹೆಚ್ಚು ಬೆಲೆ ಬೀಳುತ್ತದೆ. ಅದು ಜಗಳಕ್ಕಷ್ಟೇ ಮುಗಿಯದು, ಕಾನೂನಿಗೂ ತಪ್ಪು.

ಎದುರಿನವರ ಮಾತನ್ನು ಪೂರ್ತಿ ಕೇಳುವುದು ನಿಮ್ಮ ವೃತ್ತಿಯವರ ಅಭ್ಯಾಸ. ರ‍್ಯಾಕಿನ ಬಳಿ ಅದೇ ಬಂಡವಾಳ. ಸಂಜೆ ಆರರ ಸಾಲಿನ ಮುಂದೆ ಅದೇ ತೊಡಕು.

ಪಿ.ಎಫ್. ತೆಗೆಯಬೇಡಿ. ಕೆಲಸ ಬದಲಾದರೂ ಬದಲಾಗದ ನಿಮ್ಮ ಹಳೆಯ ಪಿ.ಎಫ್. ಗುರುತಿನ ಸಂಖ್ಯೆ ಯುಎಎನ್ ಅನ್ನೇ ಕೊಟ್ಟು ಖಾತೆ ವರ್ಗಾಯಿಸಿಕೊಳ್ಳಿ. ಪಿ.ಎಫ್. ಜೊತೆಗಿನ ಪಿಂಚಣಿ ಯೋಜನೆಯಲ್ಲಿ 10 ವರ್ಷ ಸದಸ್ಯತ್ವ ದಾಟಿದ್ದರೆ 58ಕ್ಕೆ ಪಿಂಚಣಿ ಇದೆ. 50ರ ನಂತರ ಮುಂಚಿತವಾಗಿಯೂ ಪಡೆಯಬಹುದು, ಆದರೆ 58ಕ್ಕೆ ಎಷ್ಟು ವರ್ಷ ಕಡಿಮೆಯೋ ಅಷ್ಟು ವರ್ಷಕ್ಕೆ ಶೇ. 4ರಂತೆ ಕಡಿತ. ಹಲವರು ಗಮನಿಸದ ವಿಷಯ ಇನ್ನೊಂದಿದೆ: ಪಿಂಚಣಿ ಲೆಕ್ಕಕ್ಕೆ ಹಿಡಿಯುವುದು ಕೊನೆಯ 60 ತಿಂಗಳ ಸರಾಸರಿ ಸಂಬಳ, ಅದೂ 15,000 ರೂಪಾಯಿ ಮಿತಿಯೊಳಗೆ. 53ರಿಂದ 58ರವರೆಗೆ ಸರಿಯಾಗಿ 60 ತಿಂಗಳು. ಹಾಗಾಗಿ ಕೈಗೆ ಬರುವ ಮೊತ್ತದ ಜೊತೆಗೆ, ಪಿ.ಎಫ್.ಗೆ ಎಷ್ಟು ಸಂಬಳ ತೋರಿಸುತ್ತಾರೆ ಎಂಬುದನ್ನೂ ನೇಮಕಾತಿ ಪತ್ರದಲ್ಲಿ ನೋಡಿಯೇ ಸಹಿ ಹಾಕಿ. ಸಂಬಳ 21,000 ರೂಪಾಯಿ ಮೀರದಿದ್ದರೆ ನೌಕರರ ಆರೋಗ್ಯ ವಿಮೆಯಾದ ಇ.ಎಸ್.ಐ. ಬಗ್ಗೆಯೂ ಕೇಳಿ, ನಿಮ್ಮ ಸಂಬಳದಿಂದ ಹೋಗುವುದು ಶೇ. 0.75 ಮಾತ್ರ.

ಪ್ರಶ್ನೆ: ವಿಶೇಷ ಶಿಕ್ಷಕನಾಗಿದ್ದೆ, ಈಗ ಬಟ್ಟೆ ಅಂಗಡಿಯಲ್ಲಿದ್ದೇನೆ. ಪುನರ್ವಸತಿ ಪರಿಷತ್ತಿನ ನೋಂದಣಿ ಇನ್ನೂ ಬೇಕೆ?
– ಓದುಗರು, ಕೋಲಾರ

ಉತ್ತರ: ಅಂಗಡಿಗೆ ಬೇಡ. ಆದರೆ ಅರೆಕಾಲಿಕವಾಗಿ ವಿಶೇಷಚೇತನರ ಪಾಠಕ್ಕೆ ಮರಳಬೇಕೆಂದರೂ 1992ರ ಪುನರ್ವಸತಿ ಪರಿಷತ್ತಿನ ಕಾಯ್ದೆಯಂತೆ ಅದು ಬೇಕು. ಐದು ವರ್ಷಕ್ಕೊಮ್ಮೆ ನವೀಕರಣ, ಅದಕ್ಕೆ ಸಿ.ಆರ್.ಇ. (ವೃತ್ತಿಯಲ್ಲಿರುವವರ ಮುಂದುವರಿಕೆ ತರಬೇತಿ) ಕಾರ್ಯಕ್ರಮಗಳ ಅಂಕ ಬೇಕು. ಬಟ್ಟೆ ಅಂಗಡಿಯಲ್ಲಿ ಭಾನುವಾರವೂ ಹಬ್ಬದ ತಿಂಗಳೂ ರಜೆ ಸಿಗದು, ಆದ್ದರಿಂದ ಆಷಾಢದಲ್ಲಿ ನಡೆಯುವ ಕಾರ್ಯಕ್ರಮ ಹುಡುಕಿ ಹೆಸರು ಕೊಡಿ.