ಇಂಗ್ಲೆಂಡಿನಲ್ಲಿ ಜಿಸಿಎಸ್‌ಇ ಮುಗಿಸುತ್ತಿರುವ ಮಗಳನ್ನು ಎ ಲೆವೆಲ್‌ಗೆ ಸೇರಿಸಬೇಕೋ, ಕಾಲೇಜಿನ ಟಿ ಲೆವೆಲ್‌ಗೆ ಕಳಿಸಬಹುದೋ?

ನಿಮ್ಮ ಪ್ರಶ್ನೆಯಲ್ಲಿರುವುದು ಇಷ್ಟು: ಲೆಸ್ಟರ್‌ನಲ್ಲಿದ್ದೀರಿ, ಯಜಮಾನರ ಸ್ಕಿಲ್ಡ್ ವರ್ಕರ್ ವೀಸಾದ ಮೇಲೆ ಬಂದು ನಾಲ್ಕು ವರ್ಷವಾಗಿದೆ, ಮಗಳು ಇಯರ್ 11ರಲ್ಲಿದ್ದಾಳೆ (ಹದಿನಾರರ ಹೊತ್ತಿಗೆ ಜಿಸಿಎಸ್‌ಇ ಪರೀಕ್ಷೆ ಬರೆಯುವ ವರ್ಷ, ನಮ್ಮ ಎಸ್‌ಎಸ್‌ಎಲ್‌ಸಿಯ ಹಾಗೆ). ಶಾಲೆಯವರ ಅಂದಾಜಿನಲ್ಲಿ ಗಣಿತಕ್ಕೆ 6, ವಿಜ್ಞಾನಕ್ಕೆ 6-6 (ಅದು ಎರಡು ಜಿಸಿಎಸ್‌ಇಗೆ ಸಮ), ಇಂಗ್ಲಿಷಿಗೆ 4; ಗ್ರೇಡಿನಲ್ಲಿ 9 ಎಲ್ಲಕ್ಕಿಂತ ಮೇಲು, 4 ಅಂದರೆ ಪಾಸು. ಅವಳು ಊರಿನ ಎಫ್.ಇ. ಕಾಲೇಜಿನ (16ರ ನಂತರ ವೃತ್ತಿ ಶಿಕ್ಷಣ ಕೊಡುವ ಕಾಲೇಜು) ಓಪನ್ ಡೇಗೆ ಹೋಗಿ ಬಂದಮೇಲೆ, ಕಂಪನಿಯ ಕೆಲಸದ ಅನುಭವವೂ ಸೇರಿದ ತಾಂತ್ರಿಕ ಕೋರ್ಸಾದ ಎಂಜಿನಿಯರಿಂಗ್ ಟಿ ಲೆವೆಲ್ಲೇ ಬೇಕು ಅಂತ ಪಟ್ಟು ಹಿಡಿದಿದ್ದಾಳೆ. ಅಪ್ಪನಿಗೆ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರದ ಎ ಲೆವೆಲ್ (ನಮ್ಮ ಪಿಯುಸಿಯ ಹಾಗೆ ಎರಡು ವರ್ಷದ ಓದು) ಆಗಬೇಕು. ಶಿವಮೊಗ್ಗದ ಅಜ್ಜ ಫೋನಿನಲ್ಲಿ "ಐಟಿಐ ಓದ್ಸೋಕೆ ಅಷ್ಟು ದೂರ ಹೋದ್ರಾ?" ಅಂದಿದ್ದಾರೆ.

ನಾನು ಮಿಡ್‌ಲ್ಯಾಂಡ್ಸಿನ ಅಂಥದ್ದೇ ಒಂದು ಕಾಲೇಜಿನಲ್ಲಿ ಎಂಜಿನಿಯರಿಂಗ್ ಕಲಿಸುತ್ತೇನೆ. ಅದಕ್ಕೂ ಮುಂಚೆ ನಮ್ಮ ಕಡೆ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಡಿಸಿಇಟಿ (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಬರೆದು ನೇರವಾಗಿ ಎರಡನೇ ವರ್ಷದ ಬಿ.ಇ.ಗೆ ಸೇರಿದವನು. ಹಾಗಾಗಿ ಎರಡೂ ಕಡೆಯ ಲೆಕ್ಕಾಚಾರ ಗೊತ್ತು. ನೀವು ಬರೆದಿರುವುದನ್ನು ನೋಡಿದರೆ ನಾನು ನಿಮ್ಮ ಮಗಳ ಪರ. ಯಾಕೆ ಅಂತ ಹೇಳುತ್ತೇನೆ. ಇದೆಲ್ಲ ಇಂಗ್ಲೆಂಡಿಗೆ ಮಾತ್ರ. ಸ್ಕಾಟ್ಲೆಂಡಿನ ಪದ್ಧತಿಯೇ ಬೇರೆ.

ಮೊದಲು ಅಜ್ಜನ ಮಾತು. ಟಿ ಲೆವೆಲ್ 2020ರ ಸೆಪ್ಟೆಂಬರ್‌ನಲ್ಲಿ ಶುರುವಾದ ಎರಡು ವರ್ಷದ ಕೋರ್ಸು, ಎಂಜಿನಿಯರಿಂಗ್ ವಿಭಾಗಗಳು ಬಂದಿದ್ದು 2022ರಲ್ಲಿ. ಒಂದು ಟಿ ಲೆವೆಲ್ ಅಂದರೆ ಮೂರು ಎ ಲೆವೆಲ್ ಮಾಡಿದ ಹಾಗೆ. ಯೂನಿವರ್ಸಿಟಿ ಪ್ರವೇಶಕ್ಕೆ ನೋಡುವ ಯುಕಾಸ್ ಪಾಯಿಂಟಿನಲ್ಲಿ ಟಿ ಲೆವೆಲ್ ಡಿಸ್ಟಿಂಕ್ಷನ್‌ಗೆ 144 ಸಿಗುತ್ತದೆ, ಮೂರು ಎ ಗ್ರೇಡಿಗೆ ಸಿಗುವುದೂ ಅಷ್ಟೇ. ಮೆರಿಟ್‌ಗೆ 120, ಅಂದರೆ ಮೂರು ಬಿ ಗ್ರೇಡು. ಅಜ್ಜನಿಗೆ ಅರ್ಥವಾಗುವ ಹಾಗೆ ಹೇಳಬೇಕೆಂದರೆ ಇದು ನಮ್ಮ ಡಿಪ್ಲೊಮಾದ ಹತ್ತಿರದ ನೆಂಟ. ವ್ಯತ್ಯಾಸ ಏನೆಂದರೆ ಇಲ್ಲಿಂದ ಪದವಿಗೆ ಹೋದಾಗ ಎಲ್ಲರ ಜೊತೆ ಮೊದಲ ವರ್ಷಕ್ಕೇ ಸೇರಬೇಕು. ಇನ್ನೊಂದು ಮಾತು, ಐಟಿಐ ಅಂದರೆ ಕೀಳು ಅಂತ ಅಜ್ಜನೂ ತಿಳಿಯಬಾರದು. ಪೀಣ್ಯದ ಟೂಲ್‌ರೂಮುಗಳಲ್ಲಿ ಐಟಿಐ ಓದಿದ ಫಿಟ್ಟರ್, ಟರ್ನರ್‌ಗಳು ಇಲ್ಲದಿದ್ದರೆ ಕೆಲಸವೇ ಸಾಗುವುದಿಲ್ಲ.

ಇನ್ನು ಅಪ್ಪನ ವಾದ. ಅದರಲ್ಲಿ ಒಂದು ನಿಜವಿದೆ: ಪಾಯಿಂಟ್ ಒಂದೇ ಇದ್ದ ಮಾತ್ರಕ್ಕೆ ಎಲ್ಲ ಯೂನಿವರ್ಸಿಟಿಯೂ ಸೇರಿಸಿಕೊಳ್ಳುವುದಿಲ್ಲ. ಕೇಂಬ್ರಿಡ್ಜ್, ಇಂಪೀರಿಯಲ್ ಥರದ ಕಡೆ ಎಂಜಿನಿಯರಿಂಗ್‌ಗೆ ಎ ಲೆವೆಲ್ ಗಣಿತ, ಭೌತಶಾಸ್ತ್ರ ಬೇಕೇ ಬೇಕು. ಮಗಳ ಮನಸ್ಸು ಅಲ್ಲಿದ್ದರೆ ಟಿ ಲೆವೆಲ್ ದಾರಿ ಹಿಡಿಯಲೇಬಾರದು. ಬೇರೆ ಎಷ್ಟೋ ಯೂನಿವರ್ಸಿಟಿಗಳು ಟಿ ಲೆವೆಲ್ ಒಪ್ಪುತ್ತವೆ. ಕೆಲವು ಫೌಂಡೇಶನ್ ವರ್ಷ (ಪದವಿಗೆ ಮುಂಚಿನ ತಯಾರಿಯ ವರ್ಷ) ಮಾಡಿಕೊಂಡು ಬನ್ನಿ ಅನ್ನುತ್ತವೆ. ಇದನ್ನು ಅವರಿವರ ಬಾಯಲ್ಲಿ ಕೇಳಬೇಡಿ. ಅವಳಿಗೆ ಇಷ್ಟವಾದ ನಾಲ್ಕೈದು ಯೂನಿವರ್ಸಿಟಿಗಳ ಮೆಕ್ಯಾನಿಕಲ್ ಕೋರ್ಸಿನ ಪುಟ ತೆರೆದು, ಪ್ರವೇಶ ಅರ್ಹತೆಯಲ್ಲಿ ಟಿ ಲೆವೆಲ್ ಅಂತ ಇರುವ ಸಾಲನ್ನು ಮೂವರೂ ಕೂತು ಓದಿ. ಯಾವ ವಿಭಾಗದ ಟಿ ಲೆವೆಲ್ ಬೇಕು, ಜೊತೆಗೆ ಗಣಿತ ಬೇರೆ ಕೇಳುತ್ತಾರಾ ಅನ್ನುವುದು ಅಲ್ಲೇ ಇರುತ್ತದೆ. ಮುಂದಿನ ಬಾಗಿಲಿನಲ್ಲಿ ಏನು ಕೇಳುತ್ತಾರೆ ಅಂತ ನೋಡಿಕೊಂಡು ಹಿಂದಕ್ಕೆ ಲೆಕ್ಕ ಹಾಕಿದರೆ ಅರ್ಧ ಜಗಳ ತಾನಾಗಿ ನಿಲ್ಲುತ್ತದೆ.

ಅಪ್ಪನ ಪಟ್ಟಿಯಲ್ಲಿ ನಾನು ಒಪ್ಪದ ಎರಡು ವಿಷಯಗಳಿವೆ. ಜಿಸಿಎಸ್‌ಇ ಗಣಿತದಲ್ಲಿ 6 ತೆಗೆದವರಿಗೆ ಎ ಲೆವೆಲ್ ಗಣಿತ ಬಹಳ ಕಷ್ಟವಾಗುತ್ತದೆ. ಎಷ್ಟೋ ಸಿಕ್ಸ್ತ್ ಫಾರ್ಮ್‌ಗಳು (ಎ ಲೆವೆಲ್ ಕಲಿಸುವ ಶಾಲೆಗಳು) 7 ಇಲ್ಲದೆ ಸೇರಿಸಿಕೊಳ್ಳುವುದೇ ಇಲ್ಲ. ಬೀಜಗಣಿತದಲ್ಲಿ ಕೈ ಪಳಗಿರದಿದ್ದರೆ ಮೊದಲ ಟರ್ಮಿನಲ್ಲೇ ಮಕ್ಕಳು ಹಿಂದೆ ಬೀಳುತ್ತಾರೆ. ಎ ಲೆವೆಲ್‌ನಲ್ಲಿ ಹೆಚ್ಚುಕಡಿಮೆ ಎಲ್ಲವೂ ಎರಡು ವರ್ಷದ ಕೊನೆಯ ಪರೀಕ್ಷೆಯ ಮೇಲೆ ನಿಂತಿರುವುದರಿಂದ, ಹಿಂದೆ ಬಿದ್ದದ್ದು ಗ್ರೇಡು ಬಂದಾಗಲೇ ಕಣ್ಣಿಗೆ ಬೀಳುತ್ತದೆ. ಎರಡನೆಯದು ರಸಾಯನಶಾಸ್ತ್ರ. ಪಿಯುಸಿಯ ಪಿಸಿಎಂ ನಮ್ಮ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆ ಎಂದರೆ, ಮೂರನ್ನೂ ಒಟ್ಟಿಗೇ ತೆಗೆದುಕೊಳ್ಳಬೇಕು ಅಂದುಕೊಳ್ಳುತ್ತೇವೆ. ಇಲ್ಲಿ ಮೆಕ್ಯಾನಿಕಲ್‌ಗೆ ಸಾಮಾನ್ಯವಾಗಿ ಅದನ್ನು ಯಾರೂ ಕೇಳುವುದಿಲ್ಲ. ಇರುವುದೇ ಮೂರು ವಿಷಯ, ಅದರಲ್ಲಿ ಒಂದನ್ನು ಇಷ್ಟವಿಲ್ಲದೆ ಓದಿದರೆ ಮೂರನೇ ಒಂದು ಭಾಗ ಹೋದಂತೆ.

ಈಗ ನಿಮ್ಮ ಪ್ರಶ್ನೆಯಲ್ಲಿ ಇಲ್ಲದ, ಆದರೆ ನಿಮ್ಮ ಮನೆಗೆ ಎಲ್ಲಕ್ಕಿಂತ ಮುಖ್ಯವಾದ ವಿಷಯ: ವೀಸಾ. 16ರಿಂದ 18ರ ವಯಸ್ಸಿನಲ್ಲಿ ಕಾಲೇಜಿನ ಪೂರ್ಣಾವಧಿ ಕೋರ್ಸಿಗೆ ನೀವು ಫೀಸು ಕಟ್ಟಬೇಕಿಲ್ಲ, ಡಿಪೆಂಡೆಂಟ್ ವೀಸಾದಲ್ಲಿರುವ ಮಕ್ಕಳಿಗೂ ಸರ್ಕಾರವೇ ಕಾಲೇಜಿಗೆ ಹಣ ಕೊಡುತ್ತದೆ. ತೊಂದರೆ ಬರುವುದು ಅದಾದ ಮೇಲೆ. ಯೂನಿವರ್ಸಿಟಿಯಲ್ಲಿ ಹೋಮ್ ಫೀಸ್ (ಇಲ್ಲಿನವರಿಗೆ ಇರುವ ಕಡಿಮೆ ಶುಲ್ಕ) ಸಿಗಬೇಕಾದರೆ ಸಾಮಾನ್ಯವಾಗಿ ಕೋರ್ಸ್ ಶುರುವಾಗುವ ಹೊತ್ತಿಗೆ ಅವಳ ಕೈಯಲ್ಲಿ ಐಎಲ್‌ಆರ್ (ಇಲ್ಲಿ ಕಾಯಂ ಆಗಿ ನೆಲೆಸುವ ಅನುಮತಿ) ಇರಬೇಕು. ಹೋಮ್ ಫೀಸ್ 2025-26ರಲ್ಲಿ ವರ್ಷಕ್ಕೆ 9,535 ಪೌಂಡ್. ಹೊರದೇಶದವರ ಲೆಕ್ಕದಲ್ಲಿ ಎಂಜಿನಿಯರಿಂಗ್‌ಗೆ ಅದರ ಎರಡು-ಮೂರು ಪಟ್ಟು, ಕೆಲವು ಕಡೆ ಇನ್ನೂ ಹೆಚ್ಚು, ಅದೂ ಸ್ಟೂಡೆಂಟ್ ಲೋನ್ ಇಲ್ಲದೆ. ಐಎಲ್‌ಆರ್‌ಗೆ ಇಷ್ಟು ದಿನ ಇದ್ದ 5 ವರ್ಷದ ಲೆಕ್ಕವನ್ನು 10ಕ್ಕೆ ಏರಿಸುವುದಾಗಿ ಸರ್ಕಾರ 2025ರಲ್ಲಿ ಹೇಳಿದೆ. ಆದ್ದರಿಂದ ನಿಮ್ಮ ಕುಟುಂಬಕ್ಕೆ ಯಾವ ನಿಯಮ ಅನ್ವಯಿಸುತ್ತದೆ, ಯಾವ ತಿಂಗಳಿಗೆ ಸಿಗಬಹುದು ಅನ್ನುವುದನ್ನು ನೋಂದಾಯಿತ ಇಮಿಗ್ರೇಶನ್ ಸಲಹೆಗಾರರ ಹತ್ತಿರ ಈಗಲೇ ಕೇಳಿ. ಕೋರ್ಸ್ ಮುಗಿಯುವ ಹೊತ್ತಿಗೆ ಕೇಳೋಣ ಅಂತ ಬಿಡಬೇಡಿ.

ಅಪ್ರೆಂಟಿಸ್‌ಶಿಪ್‌ನ (ಸಂಬಳಕ್ಕೆ ಕೆಲಸ ಮಾಡುತ್ತಲೇ ಕಲಿಯುವ ದಾರಿ) ನಿಯಮ ಇದಕ್ಕಿಂತ ಸಡಿಲ. ಓದುವ ಸಲುವಾಗಿ ಅಲ್ಲದೆ ಬೇರೆ ವೀಸಾದ ಮೇಲೆ ಇಲ್ಲಿ ಮೂರು ವರ್ಷ ವಾಸವಿದ್ದವರಿಗೆ ಅದರ ಹಣಕಾಸು ಸಿಗುತ್ತದೆ, ಐಎಲ್‌ಆರ್ ಬೇಕಿಲ್ಲ. ಅಪ್ರೆಂಟಿಸ್‌ಶಿಪ್ ಮುಗಿಯುವವರೆಗೆ ವೀಸಾ ಇರುತ್ತದೆ ಅಥವಾ ಮುಂದುವರಿಯುತ್ತದೆ ಅನ್ನುವ ಭರವಸೆ ಕಂಪನಿಗೆ ಬೇಕಾಗುತ್ತದೆ. ನಿಮ್ಮ ಮಗಳಿಗೆ ಆ ಮೂರು ವರ್ಷ ಆಗಲೇ ತುಂಬಿದೆ. ಡಿಗ್ರಿ ಅಪ್ರೆಂಟಿಸ್‌ಶಿಪ್ ಸಿಕ್ಕಿದರೆ ಫೀಸಿಲ್ಲ, ಸಂಬಳದ ಜೊತೆ ಪದವಿ. ಸ್ಪರ್ಧೆ ವಿಪರೀತ ಇದೆ, ಸುಲಭ ಅಂತ ಹೇಳುವುದಿಲ್ಲ. ಆದರೆ ಟಿ ಲೆವೆಲ್‌ನಲ್ಲಿ ಕನಿಷ್ಠ 315 ಗಂಟೆ, ಸುಮಾರು 45 ದಿನ, ಒಂದು ಕಂಪನಿಯಲ್ಲಿ ಪ್ಲೇಸ್‌ಮೆಂಟ್ ಕಡ್ಡಾಯ. ಆ ದಿನಗಳಲ್ಲಿ ಡ್ರಾಯಿಂಗ್ ಓದಿ, ಮೈಕ್ರೋಮೀಟರ್ ಹಿಡಿದು, ಅಲ್ಲಿನ ಸೂಪರ್‌ವೈಸರ್ ಬಾಯಲ್ಲಿ ಒಳ್ಳೆ ಮಾತು ಪಡೆದ ಹುಡುಗಿಗೆ ಸಂದರ್ಶನದಲ್ಲಿ ಹೇಳಲು ಏನಾದರೂ ಇರುತ್ತದೆ. ನಾನು ಮಗಳ ಪರ ನಿಲ್ಲುವುದಕ್ಕೆ ದೊಡ್ಡ ಕಾರಣ ಇದೇ.

ಟಿ ಲೆವೆಲ್‌ನ ಕೊರತೆಯೂ ಹೇಳಬೇಕು. ಎರಡು ವರ್ಷ ಪೂರ್ತಿ ಒಂದೇ ಕ್ಷೇತ್ರ; ನಡುವೆ ಮನಸ್ಸು ಬದಲಾದರೆ ಬೇರೆ ಕಡೆ ಜಿಗಿಯುವುದು ಕಷ್ಟ. ಬಿಟೆಕ್ ನ್ಯಾಷನಲ್ ಅಂತ ಇನ್ನೊಂದಿದೆ (ನಮ್ಮ ಬಿ.ಟೆಕ್ ಪದವಿ ಅಲ್ಲ), ಅದು ಯೂನಿಟ್ ಯೂನಿಟ್ ಆಗಿ ಮುಗಿಯುತ್ತಾ ಹೋಗುವುದರಿಂದ ಪರೀಕ್ಷೆಗೆ ಹೆದರುವ ಮಕ್ಕಳಿಗೆ ಒಗ್ಗುತ್ತದೆ. ಆದರೆ ಟಿ ಲೆವೆಲ್ ಇರುವ ಕ್ಷೇತ್ರಗಳಲ್ಲಿ ದೊಡ್ಡ ಬಿಟೆಕ್‌ಗಳಿಗೆ ಹಣ ನಿಲ್ಲಿಸುವ ಕೆಲಸ ನಡೆಯುತ್ತಿದೆ. ಅವಳು ಸೇರುವ ವರ್ಷಕ್ಕೆ ಅದು ಇರುತ್ತದಾ ಅಂತ ಕಾಲೇಜನ್ನೇ ಕೇಳಿ.

ಇನ್ನೊಂದು ಸಲ ಕಾಲೇಜಿಗೆ ಹೋಗಿ, ಈ ಸಲ ಅಪ್ಪನನ್ನೂ ಕರೆದುಕೊಂಡು. ಬಣ್ಣದ ಪುಸ್ತಕ ಹಂಚುವ ಮೇಜಿನ ಹತ್ತಿರ ನಿಲ್ಲದೆ ವರ್ಕ್‌ಶಾಪಿಗೆ ನಡೆಯಿರಿ. ಲೇತ್ ಮೆಷಿನ್ನಿನ ಟ್ರೇನಲ್ಲಿ ಲೋಹದ ಸಿಪ್ಪೆ ಬಿದ್ದಿದೆಯಾ, ಕೂಲಂಟ್ ವಾಸನೆ ಇದೆಯಾ ನೋಡಿ, ಹೊಳೆಯುವ ಸಿಎನ್‌ಸಿ ಪಕ್ಕದಲ್ಲಿ "ಇದರ ಮೇಲೆ ವಿದ್ಯಾರ್ಥಿಗಳೇ ಪ್ರೋಗ್ರಾಂ ಹಾಕಿ ಓಡಿಸುತ್ತಾರಾ, ವಾರಕ್ಕೆ ಎಷ್ಟು ಹೊತ್ತು?" ಅಂತ ಕೇಳಿ. ಹೋದ ವರ್ಷ ಪ್ಲೇಸ್‌ಮೆಂಟಿಗೆ ಯಾವ ಯಾವ ಕಂಪನಿಗೆ ಕಳಿಸಿದಿರಿ, ಕಂಪನಿ ಹುಡುಕುವುದು ಕಾಲೇಜೋ ಮಗುವೋ, ಕೋರ್ಸ್ ಮುಗಿಸಿದವರು ಎಲ್ಲಿಗೆ ಹೋದರು ಅಂತಲೂ ಕೇಳಿ. ಕೆಲಸ ಚೆನ್ನಾಗಿ ನಡೆಯುತ್ತಿರುವ ವಿಭಾಗದ ಮೇಷ್ಟ್ರು ಕಂಪನಿಗಳ ಹೆಸರು ಪಟಪಟನೆ ಹೇಳುತ್ತಾರೆ. "ವ್ಯವಸ್ಥೆ ಮಾಡುತ್ತೇವೆ" ಅಂತ ತೇಲಿಸಿದರೆ ನನಗಂತೂ ಅನುಮಾನ. ತರಗತಿಯಲ್ಲಿ ಹುಡುಗಿಯರು ಎಷ್ಟು ಜನ ಅಂತ ಕೇಳುವುದಕ್ಕೂ ಸಂಕೋಚ ಬೇಡ. ಕಡಿಮೆಯೇ ಇರುತ್ತಾರೆ, ಆದರೆ ಆ ಪ್ರಶ್ನೆಗೆ ಮೇಷ್ಟ್ರು ಕೊಡುವ ಉತ್ತರದಲ್ಲೇ ವಿಭಾಗದ ಸ್ವಭಾವ ತಿಳಿಯುತ್ತದೆ. ಈ ಪ್ರಶ್ನೆಗಳನ್ನು ಮಗಳೇ ಕೇಳಲಿ. ಪ್ರವೇಶದ ದಿನ ನಾನು ಮಗುವನ್ನು ಕೇಳಿದ್ದಕ್ಕೆ ಪಕ್ಕದಲ್ಲಿ ಕೂತ ಅಪ್ಪ ಉತ್ತರ ಕೊಡುವುದನ್ನು ಬೇಕಾದಷ್ಟು ನೋಡಿದ್ದೇನೆ, ಆ ಮಕ್ಕಳ ಮುಖ ನೋಡಲಾಗುವುದಿಲ್ಲ.

ಇಂಗ್ಲಿಷ್ 4 ಅಂದರೆ ದಡದ ಅಂಚು. 3ಕ್ಕೆ ಇಳಿದರೆ ಯಾವ ಕೋರ್ಸಿಗೆ ಸೇರಿದರೂ ಜೊತೆಗೆ ಜಿಸಿಎಸ್‌ಇ ಇಂಗ್ಲಿಷನ್ನು ಮತ್ತೆ ಓದಬೇಕು, ಎಷ್ಟೋ ಕಡೆ ಟಿ ಲೆವೆಲ್‌ಗೆ ಸೇರಿಸಿಕೊಳ್ಳುವುದೇ ಅನುಮಾನ. ಟ್ಯೂಷನ್‌ಗೆ ದುಡ್ಡು ಹಾಕುವುದಿದ್ದರೆ ಈ ಜೂನ್‌ವರೆಗೆ ಅದಕ್ಕೇ ಹಾಕಿ.

ಅರ್ಜಿಯನ್ನು ಎರಡೂ ಕಡೆ ಹಾಕಿ, ಕಾಲೇಜಿಗೂ ಸಿಕ್ಸ್ತ್ ಫಾರ್ಮ್‌ಗೂ. ಆಫರ್ ಬಂದರೆ ಎರಡನ್ನೂ ಇಟ್ಟುಕೊಳ್ಳಬಹುದು. ಆಗಸ್ಟಿನಲ್ಲಿ ಫಲಿತಾಂಶ ಬಂದ ಮೇಲೆ ಆರಿಸಿದರಾಯಿತು. ಸೇರಿದ ಮೊದಲ ಕೆಲವು ವಾರಗಳಲ್ಲಿ ಕೋರ್ಸ್ ಬದಲಿಸಲು ಸಾಮಾನ್ಯವಾಗಿ ಅವಕಾಶ ಇರುತ್ತದೆ, ಅಕ್ಟೋಬರ್ ದಾಟಿದರೆ ಕಷ್ಟ. ಗಣಿತದಲ್ಲಿ 7 ಅಥವಾ ಮೇಲೆ ಬಂದು, ಅವಳಿಗೂ ಮನಸ್ಸಿದ್ದರೆ ಗಣಿತ, ಭೌತಶಾಸ್ತ್ರ ಮತ್ತು ಅವಳಿಷ್ಟದ ಮೂರನೆಯ ವಿಷಯದ ಎ ಲೆವೆಲ್ ನಿಜಕ್ಕೂ ಯೋಚಿಸಬೇಕಾದದ್ದೇ. 6ರಲ್ಲೇ ನಿಂತರೆ ಟಿ ಲೆವೆಲ್‌ಗೆ ಸೇರಿಸಿ. 5 ಬಂದರೆ ಫಲಿತಾಂಶದ ದಿನವೇ ಕಾಲೇಜಿಗೆ ಫೋನ್ ಮಾಡಿ ಸೀಟು ಉಳಿದಿದೆಯಾ ಅಂತ ಖಚಿತ ಮಾಡಿಕೊಳ್ಳಿ.