ಬಂಗಲೆಯಿಂದ ಬಂದ ಹಸಿರು ಗ್ಲಾಸುಗಳನ್ನು ಮಾಡಿದವರು ಯಾರು?

ಪ್ರಶ್ನೆ: ನಮ್ಮ ತಾತ ಸಕಲೇಶಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ದೊರೆಗಳು ತೋಟ ಮಾರಿ ಊರಿಗೆ ಹೊರಟಾಗ ಬಂಗಲೆಯ ಕೆಲವು ಸಾಮಾನು ಅವರಿಗೆ ಕೊಟ್ಟು ಹೋದರಂತೆ. ಅದರಲ್ಲಿ ಆರು ವೈನ್ ಗ್ಲಾಸುಗಳಿವೆ. ಮೇಲಿನ ಬಟ್ಟಲು ಹಸಿರು, ಕಾಲು ಬಿಳಿ ಗಾಜು. ಬಟ್ಟಲಿನ ಸುತ್ತ ಚಿನ್ನದ ದ್ರಾಕ್ಷಿ ಬಳ್ಳಿ. ಹೆಸರು ಎಲ್ಲೂ ಇಲ್ಲ. ಹಳೇ ಸಾಮಾನು ಕೊಳ್ಳುವವರೊಬ್ಬರು ನೋಡಿ ‘ಇದು ಮೋಸರ್ ಕಂಪನಿಯದು’ ಅಂದರು. ನಿಜವೇ?
– ಓದುಗರು, ಸಕಲೇಶಪುರ

ಉತ್ತರ: ಹೆಸರು ಇಲ್ಲ ಅಂತ ಬೇಸರ ಬೇಡ. 20ನೇ ಶತಮಾನಕ್ಕೆ ಮುಂಚಿನ ವೈನ್ ಗ್ಲಾಸುಗಳಲ್ಲಿ ಹೆಚ್ಚಿನವಕ್ಕೆ ಹೆಸರೇ ಇಲ್ಲ. ಪಿಂಗಾಣಿ ತಟ್ಟೆಯ ತಳದಲ್ಲಿ ಮುದ್ರೆ ಇರುತ್ತದಲ್ಲ, ಆ ರೂಢಿ ಗಾಜಿಗೆ ತಡವಾಗಿ ಬಂತು. ಕೆಲವು ಕಾರ್ಖಾನೆಗಳು ಕಾಗದದ ಚೀಟಿ ಅಂಟಿಸುತ್ತಿದ್ದವು. ಮೊದಲ ಸಲ ತೊಳೆದಾಗಲೇ ಅದು ಹೋಯಿತು. ಫ್ರಾನ್ಸಿನ ಬಕಾರಾ ಕಾರ್ಖಾನೆ ಶುರುವಾದದ್ದು 1764ರಲ್ಲಿ. ಆದರೆ ಪ್ರತಿ ಗ್ಲಾಸಿನ ತಳಕ್ಕೂ ಆಸಿಡ್ ಮುದ್ರೆ ಒತ್ತುವ ಪದ್ಧತಿ ಅಲ್ಲಿ ಬಂದದ್ದು 1936ರಲ್ಲಿ. ಅದಕ್ಕೇ ಹೇಳುವುದು: ಮೊದಲು ದೇಶ ಗೊತ್ತಾಗಲಿ, ಆಮೇಲೆ ಕಾಲ. ಕಾರ್ಖಾನೆಯ ಹೆಸರು ಕೊನೆಗೆ. ಆ ವ್ಯಾಪಾರಿ ಕೊನೆಯದನ್ನೇ ಮೊದಲು ಹೇಳಿದ್ದಾರೆ.

ದೇಶ ತಿಳಿಯಲು ಅಡುಗೆಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಇದು ನನಗೆ ತುಂಬಾ ಇಷ್ಟದ ಪರೀಕ್ಷೆ. ಗ್ಲಾಸಿಗೆ ಏನೂ ಆಗುವುದಿಲ್ಲ, ನಿಮ್ಮ ಕೈಗೆ ಒಂದು ಗಟ್ಟಿ ಅಂಕಿ ಸಿಗುತ್ತದೆ.

ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಬೇಕು. ಮೊದಲು ಒಣ ಗ್ಲಾಸನ್ನು ತೂಗಿ ಬರೆದಿಟ್ಟುಕೊಳ್ಳಿ. ಆಮೇಲೆ ತಕ್ಕಡಿ ಮೇಲೆ ಅಗಲವಾದ ಪಾತ್ರೆಯಲ್ಲಿ ನೀರಿಟ್ಟು ಅಂಕಿಯನ್ನು ಸೊನ್ನೆ ಮಾಡಿ. ಗ್ಲಾಸಿನ ಕಾಲಿಗೆ ಗಟ್ಟಿ ದಾರ ಕಟ್ಟಿ ಪೂರ್ತಿ ಮುಳುಗುವ ಹಾಗೆ ಇಳಿಬಿಡಿ. ತಳಕ್ಕೂ ಬದಿಗೂ ತಾಗಬಾರದು, ಬಟ್ಟಲೊಳಗೆ ಗಾಳಿ ನಿಲ್ಲಬಾರದು. ಈಗ ತಕ್ಕಡಿ ಒಂದು ಅಂಕಿ ತೋರಿಸುತ್ತದೆ. ಒಣ ತೂಕವನ್ನು ಆ ಅಂಕಿಯಿಂದ ಭಾಗಿಸಿ. ಗ್ಲಾಸು 180 ಗ್ರಾಂ ಇದ್ದು ನೀರಲ್ಲಿ 60 ತೋರಿಸಿದರೆ ಉತ್ತರ 3. ಅದೇ 72 ತೋರಿಸಿದರೆ 2.5.

ಸುಮಾರು 3 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಗಾಜಿನಲ್ಲಿ ಸೀಸ ಚೆನ್ನಾಗಿದೆ. ಸುಮಾರು 2.5 ಬಂದರೆ ಸೀಸವಿಲ್ಲದ ಗಾಜು. ಇದರಿಂದ ಏನು ತಿಳಿಯಿತು? ಸೀಸದ ಗಾಜು ಇಂಗ್ಲೆಂಡಿನ ಹೆಮ್ಮೆ. ಜಾರ್ಜ್ ರೇವನ್ಸ್‌ಕ್ರಾಫ್ಟ್ ಅನ್ನುವವರು 1674ರಲ್ಲಿ ಪೇಟೆಂಟ್ ಪಡೆದರು, ಅಲ್ಲಿಂದ ಅದು ಅವರ ದೇಶದ ಗುರುತೇ ಆಯಿತು. ಫ್ರಾನ್ಸಿನ ಸೇಂಟ್ ಲೂಯಿ ಕಾರ್ಖಾನೆಗೆ ಆ ಗುಟ್ಟು ಸಿಕ್ಕಿದ್ದು 1781ರಲ್ಲಿ. ಬೊಹೀಮಿಯಾದವರ, ಅಂದರೆ ಈಗಿನ ಚೆಕ್ ದೇಶದ ಕಡೆಯವರ, ದಾರಿ ಬೇರೆ. ಅವರದು ಕಾಡಿನ ಮರದ ಬೂದಿಯಿಂದ ಬಂದ ಪೊಟ್ಯಾಶ್ ಗಾಜಿನ ಪರಂಪರೆ. ಸೀಸವಿಲ್ಲದಿದ್ದರೂ ಗಟ್ಟಿ, ಕೆತ್ತನೆಗೆ ಹೇಳಿ ಮಾಡಿಸಿದ ಗಾಜು.

ಮೋಸರ್ ಈ ಎರಡನೇ ಗುಂಪಿಗೆ ಸೇರಿದ್ದು. ಲುಡ್ವಿಗ್ ಮೋಸರ್ 1857ರಲ್ಲಿ ಈಗಿನ ಚೆಕ್ ದೇಶದ ಕಾರ್ಲೊವಿ ವಾರಿ ಊರಿನಲ್ಲಿ ಕೆತ್ತನೆಯ ಕೆಲಸ ಶುರು ಮಾಡಿದರು. ಅವರದೇ ಗಾಜಿನ ಕುಲುಮೆ ಬಂದದ್ದು 1893ರಲ್ಲಿ. ಅಂದರೆ ಅಲ್ಲಿಯವರೆಗೆ ಬೇರೆಯವರು ಊದಿದ ಸಾದಾ ಗ್ಲಾಸು ತಂದು ಅದರ ಮೇಲೆ ಕೆತ್ತುತ್ತಿದ್ದರು, ಚಿನ್ನ ಹಚ್ಚುತ್ತಿದ್ದರು. ಸೀಸವಿಲ್ಲದ ಗಾಜು ಆ ಕಂಪನಿಯ ಹೆಗ್ಗುರುತು. ನಿಮ್ಮ ಅಂಕಿ 3ರ ಆಚೆ ಬಂದರೆ ಮೋಸರ್ ಮಾತು ಬಹುಮಟ್ಟಿಗೆ ಅಲ್ಲಿಗೇ ನಿಂತಿತು. ಆಗ ಇಂಗ್ಲೆಂಡ್, ಫ್ರಾನ್ಸ್ ಅಥವಾ ಬೆಲ್ಜಿಯಂ ಕಡೆ ನೋಡಬೇಕು. 2.5 ಬಂದರೂ ‘ಮೋಸರ್ ಇರಬಹುದು’ ಅಂತಷ್ಟೇ. ಯಾಕೆಂದರೆ ಜರ್ಮನಿಯ ಬವೇರಿಯಾದಲ್ಲಿ 1836ರಲ್ಲಿ ಶುರುವಾದ ಥೆರೇಸಿಯೆಂಥಾಲ್ ಕಾರ್ಖಾನೆ ಇಂಥ ಹಸಿರು ಬಟ್ಟಲಿಗೇ ಹೆಸರುವಾಸಿ. ಬೊಹೀಮಿಯಾದ ಹಾಯ್ಡಾ, ಸ್ಟೈನ್‌ಶೋನೌ ಊರುಗಳಲ್ಲಂತೂ ಸಾದಾ ಗ್ಲಾಸು ತಂದು ಅಲಂಕಾರ ಮಾಡುವ ಮನೆಗಳು ಸಾಲುಸಾಲಾಗಿದ್ದವು.

ಬಟ್ಟಲು ಯಾಕೆ ಹಸಿರು ಅಂತ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಜರ್ಮನಿಯ ರೈನ್ ನದಿ ಸೀಮೆಯ ಬಿಳಿ ವೈನ್ ಕುಡಿಯಲು ಇದ್ದ ಗ್ಲಾಸು ಇದು. ಆ ವೈನನ್ನು ಇಂಗ್ಲಿಷರು ಹಾಕ್ ಅನ್ನುತ್ತಿದ್ದರು. ಅದಕ್ಕೆ ಹಸಿರು ಗ್ಲಾಸು ಹಳೆಯ ಜರ್ಮನ್ ರೂಢಿ. ಇಂಗ್ಲೆಂಡಿನ ಶ್ರೀಮಂತರ ಊಟದ ಮೇಜಿನಲ್ಲಿ ಅದು ಫ್ಯಾಷನ್ ಆಯಿತು. ಕಾಫಿ ಎಸ್ಟೇಟಿನ ಬಂಗಲೆಗೂ ಅದೇ ರೂಢಿ ಬಂತು. ಅದಕ್ಕೇ ಈ ಬಗೆಯ ಗ್ಲಾಸನ್ನು ಎಲ್ಲ ದೇಶದವರೂ ಮಾಡಿದರು. ಬಣ್ಣ ನೋಡಿ ಮಾಡಿದವರನ್ನು ಹೇಳಲಾಗದು.

ಇನ್ನು ಚಿನ್ನದ ಬಳ್ಳಿ. ಅಕ್ಕಸಾಲಿಗರು ಕಣ್ಣಿಗೆ ಇಟ್ಟುಕೊಳ್ಳುವ ಮಸೂರ ಸಿಕ್ಕರೆ ತನ್ನಿ. ಎಲೆಯ ನರಗಳನ್ನು ನೋಡಿ. ಚಿನ್ನದ ಕೆಳಗೆ ಗಾಜಿನಲ್ಲೇ ಗೀರು ಇದೆಯೇ? ಒಂದು ಕಡೆ ಆಳ, ಒಂದು ಕಡೆ ತೆಳು, ಅಲ್ಲಲ್ಲಿ ಸಣ್ಣ ಸಣ್ಣ ತಿರುಗು ಗೀಟು ಕಂಡರೆ ಅದು ತಾಮ್ರದ ಚಕ್ರದಲ್ಲಿ ಕೈಯಿಂದ ಕೆತ್ತಿದ್ದು. ಎಲ್ಲ ಕಡೆ ಒಂದೇ ಆಳ, ಮಂಜಿನ ಹಾಗೆ ಸಮನಾದ ಮಬ್ಬು ಇದ್ದರೆ ಆಸಿಡ್ ಕೆಲಸ. ಗೀರೇ ಇಲ್ಲದೆ ಮೇಲೆ ಮಾತ್ರ ಚಿನ್ನ ಇದ್ದರೆ ಅದು ಬರೆದು ಬೇಯಿಸಿದ್ದು. ಬೇಯಿಸದೆ ಸುಮ್ನೆ ಹಚ್ಚಿದ ಚಿನ್ನವೂ ಉಂಟು, ಅದು ಬೆರಳಿಗೇ ಸವೆಯುತ್ತದೆ. ಮೋಸರ್ ಹೆಸರು ಹೇಳಲು ಕೆತ್ತನೆ ತುಂಬಾ ಚೆನ್ನಾಗಿರಬೇಕು. ಅವರ ಕೈಕೆಲಸದ ಮಟ್ಟ ಅಷ್ಟು ಮೇಲಿತ್ತು. ಸಾಧಾರಣ ಬಳ್ಳಿ ಇದ್ದರೆ ನಾನು ಆ ಹೆಸರನ್ನು ಒಪ್ಪುವುದಿಲ್ಲ.

ಆರು ಗ್ಲಾಸನ್ನೂ ಸಾಲಾಗಿ ನಿಲ್ಲಿಸಿ ಎತ್ತರ ಅಳೆಯಿರಿ. ಒಂದೆರಡು ಮಿಲಿಮೀಟರ್ ವ್ಯತ್ಯಾಸ ಇದ್ದರೆ ಒಳ್ಳೆಯದೇ, ಕೈಯಲ್ಲಿ ಮಾಡಿದ್ದು ಅಂತ ಅರ್ಥ. ಬಳ್ಳಿಯಲ್ಲೂ ಹಾಗೇ, ಆರರಲ್ಲಿ ಎಲೆ ಎಲೆಗೂ ಸ್ವಲ್ಪ ವ್ಯತ್ಯಾಸ ಇರಬೇಕು.

ಅಂಗಡಿಗಳಲ್ಲಿ ಕಳ್ಳನೋಟು ನೋಡುವ ನೇರಳೆ ಬೆಳಕಿನ ಟಾರ್ಚ್ ಇರುತ್ತದಲ್ಲ, ಅದನ್ನು ಕತ್ತಲೆ ಕೋಣೆಯಲ್ಲಿ ಹಿಡಿದು ನೋಡಿ. ಹಸಿರು ಬಟ್ಟಲು ಎಳೆ ಬಾಳೆಯೆಲೆಯ ಬಣ್ಣದಲ್ಲಿ ಜೋರಾಗಿ ಹೊಳೆದರೆ ಗಾಜಿಗೆ ಯುರೇನಿಯಂ ಹಾಕಿದ್ದಾರೆ. ಹೆದರಬೇಡಿ, ಕಪಾಟಿನಲ್ಲಿಟ್ಟು ನೋಡಲು ತೊಂದರೆಯಿಲ್ಲ. 19ನೇ ಶತಮಾನದ ನಡುವಿನಿಂದ ಎರಡನೇ ಮಹಾಯುದ್ಧದವರೆಗೆ ಇದು ಬಹಳ ಕಡೆ ಬಳಕೆಯಲ್ಲಿತ್ತು. ಕಾಲದ ಅಂದಾಜಿಗೆ ಒಳ್ಳೆಯ ಸುಳಿವು, ಕಾರ್ಖಾನೆಗೆ ಅಲ್ಲ.

ಅಂಕಿ 2.5ರ ಹತ್ತಿರ ಬಂದು, ಇಷ್ಟಾದ ಮೇಲೂ ಹೆಸರು ಸಿಗದಿದ್ದರೆ? ‘ಬೊಹೀಮಿಯಾ ಕಡೆಯದು, ಸುಮಾರು 1900ರ ಆಸುಪಾಸು’ ಅಂತ ಬರೆದಿಡಿ. ಅದು ಪೂರ್ತಿ ಉತ್ತರವೇ. ಚಿಕ್ಕಮಗಳೂರಿನ ಒಂದು ಮನೆಯಲ್ಲಿ ಇಂಥದೇ ಗ್ಲಾಸುಗಳಿಗೆ ಯಾರೋ ದೊಡ್ಡ ಹೆಸರು ಅಂಟಿಸಿ ಹೋಗಿದ್ದರು. ಮಾರುವಾಗ ಕೊಳ್ಳುವವರು ಆ ಹೆಸರನ್ನು ಒಪ್ಪಲಿಲ್ಲ. ಗ್ಲಾಸುಗಳು ಚೆನ್ನಾಗಿಯೇ ಇದ್ದವು. ಆದರೆ ಒಂದು ಸುಳ್ಳು ಕಂಡ ಮೇಲೆ ಉಳಿದದ್ದನ್ನೂ ಅವರು ನಂಬಲಿಲ್ಲ. ಮನೆಯವರಿಗೆ ಆದ ನೋವು ನನಗೆ ಇನ್ನೂ ನೆನಪಿದೆ.

ಪ್ರಶ್ನೆ: ನಮ್ಮಲ್ಲಿರುವ ಕಟ್ ಗ್ಲಾಸಿನ ತಳದಲ್ಲಿ ಮಸುಕಾಗಿ ‘ಸ್ಟುವರ್ಟ್’, ‘ಇಂಗ್ಲೆಂಡ್’ ಅಂತ ಓದಬಹುದು. ಇದು 150 ವರ್ಷ ಹಳೆಯದೇ?
– ಓದುಗರು, ಚಿಕ್ಕಮಗಳೂರು

ಉತ್ತರ: ಅಷ್ಟು ಹಳೆಯದಲ್ಲ. ಫ್ರೆಡರಿಕ್ ಸ್ಟುವರ್ಟ್ ಅನ್ನುವವರು ಇಂಗ್ಲೆಂಡಿನ ಸ್ಟೌರ್‌ಬ್ರಿಡ್ಜ್ ಹತ್ತಿರದ ರೆಡ್ ಹೌಸ್ ಗಾಜಿನ ಕಾರ್ಖಾನೆಯನ್ನು 1881ರಲ್ಲಿ ಗುತ್ತಿಗೆಗೆ ಹಿಡಿದರು. ಆ ಕಾರ್ಖಾನೆಯ ಇಟ್ಟಿಗೆಯ ದೊಡ್ಡ ಗೋಪುರ ಇವತ್ತಿಗೂ ನಿಂತಿದೆ. ಆದರೆ ಗ್ಲಾಸಿನ ತಳಕ್ಕೆ ಹೆಸರು ಒತ್ತಲು ಶುರು ಮಾಡಿದ್ದು 1920ರ ದಶಕದ ಕೊನೆಗೆ. ನಿಮ್ಮದು ಅದರ ನಂತರದ್ದು. ಒಳ್ಳೆಯ ಕಾರ್ಖಾನೆಯ ಒಳ್ಳೆಯ ಕೆಲಸ, ಜೋಪಾನ ಮಾಡಿ.

ಬೇರೆ ಗ್ಲಾಸುಗಳಲ್ಲೂ ಇಂಥ ಮುದ್ರೆ ಅಡಗಿರಬಹುದು. ತಳದ ಮೇಲೆ ಬಾಯಿಂದ ಹಬೆ ಬಿಡಿ, ಬೆಳಕನ್ನು ಅಡ್ಡದಿಂದ ಬೀಳಿಸಿ, ನಿಧಾನ ತಿರುಗಿಸಿ. ‘ಆರ್‌ಡಿ’ ಅಂತ ಇಂಗ್ಲಿಷಿನಲ್ಲಿ ಎರಡಕ್ಷರ ಇದ್ದು ಮುಂದೆ ಅಂಕಿ ಇದ್ದರೆ ನಿಮ್ಮ ಅದೃಷ್ಟ. ಅದು ಬ್ರಿಟನ್ನಿನಲ್ಲಿ 1884ರಿಂದ ಕೊಡುತ್ತಿದ್ದ ವಿನ್ಯಾಸದ ನೋಂದಣಿ ಸಂಖ್ಯೆ. ಅದರಿಂದ ನೋಂದಾಯಿಸಿದ ವರ್ಷ ಮತ್ತು ಹೆಸರು ಎರಡೂ ಸಿಗುತ್ತವೆ. ಒಂದು ಎಚ್ಚರಿಕೆ: ತಳದಲ್ಲಿರುವ ಎಲ್ಲ ಹೆಸರೂ ಮಾಡಿದವರದ್ದಲ್ಲ. ಮಾರಿದ ಅಂಗಡಿಯ ಹೆಸರು, ಕ್ಲಬ್ಬಿನ ಹೆಸರು ಕೂಡ ಇರುತ್ತದೆ. ತೋಟದ ದೊರೆಗಳು ಮದ್ರಾಸಿನ ಸ್ಪೆನ್ಸರ್ ಅಥವಾ ಬೊಂಬಾಯಿಯ ಆರ್ಮಿ ಅಂಡ್ ನೇವಿ ಸ್ಟೋರ್ಸ್‌ನಂಥ ಅಂಗಡಿಗಳಿಂದ ತರಿಸಿಕೊಳ್ಳುತ್ತಿದ್ದ ಕಾಲ ಅದು. ಅವು ಅಂಗಡಿಗಳು, ಗಾಜು ಊದಿದವರಲ್ಲ.

ಪ್ರಶ್ನೆ: ಗ್ಲಾಸಿನ ತಳದ ನಡುವೆ ಒರಟಾದ ಗಾಯದಂಥ ಗುರುತಿದೆ. ಇದಿದ್ದರೆ 18ನೇ ಶತಮಾನದ್ದೇ ಅಂತ ಒಬ್ಬರು ಹೇಳಿದರು.
– ಓದುಗರು, ಹಾಸನ

ಉತ್ತರ: ಅದಕ್ಕೆ ಪಾಂಟಿಲ್ ಗುರುತು ಅನ್ನುತ್ತಾರೆ. ಬಾಯಿ ಸರಿ ಮಾಡುವಾಗ ಗ್ಲಾಸನ್ನು ಹಿಡಿಯಲು ತಳಕ್ಕೆ ಒಂದು ಕಬ್ಬಿಣದ ಸರಳು ಅಂಟಿಸುತ್ತಾರೆ. ಅದನ್ನು ಮುರಿದು ತೆಗೆದ ಜಾಗ ಇದು. ಕೈಯಲ್ಲಿ ಗಾಜು ಮಾಡುವವರು ಇವತ್ತೂ ಹೀಗೇ ಮಾಡುತ್ತಾರೆ. ಆದ್ದರಿಂದ ಗುರುತೊಂದೇ ಕಾಲ ಹೇಳುವುದಿಲ್ಲ.

ಬದಲಿಗೆ ತಳದ ತಟ್ಟೆಯ ಅಗಲ ನೋಡಿ. 18ನೇ ಶತಮಾನದ ಇಂಗ್ಲಿಷ್ ಗ್ಲಾಸಿನ ತಟ್ಟೆ ಸಾಮಾನ್ಯವಾಗಿ ಬಾಯಿಯಷ್ಟೇ ಅಥವಾ ಬಾಯಿಗಿಂತ ಅಗಲ. ಅಂಚಿನ ಕೆಳಗಿನ ಸವೆತವನ್ನೂ ನೋಡಿ. ನೂರಾರು ಸಲ ಮೇಜಿನ ಮೇಲೆ ಇಟ್ಟು ತೆಗೆದ ಗೀರುಗಳು ದಿಕ್ಕಿಲ್ಲದೆ ಹರಡಿರುತ್ತವೆ. ಮರಳು ಕಾಗದದಲ್ಲಿ ಉಜ್ಜಿದ ಸುಳ್ಳು ಸವೆತದಲ್ಲಿ ಗೀರೆಲ್ಲ ಒಂದೇ ಕಡೆಗೆ ಓಡುತ್ತವೆ. ತಿರುಗಿಸಿ ನೋಡಿದರೆ ಕಣ್ಣಿಗೇ ಗೊತ್ತಾಗುತ್ತದೆ.

ಪ್ರಶ್ನೆ: ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಹಳೇ ಗ್ಲಾಸುಗಳು ಮಬ್ಬಾಗಿರುತ್ತವೆ. ಹುಣಸೆಹಣ್ಣು ಹಾಕಿ ಉಜ್ಜಬಹುದೇ?
– ಓದುಗರು, ಮೂಡಿಗೆರೆ

ಉತ್ತರ: ದಯವಿಟ್ಟು ಉಜ್ಜಬೇಡಿ. ಹಿತ್ತಾಳೆಗೆ ಸರಿ, ಚಿನ್ನದ ಗೆರೆ ಇರುವ ಗಾಜಿಗೆ ಬೇಡ. ಬೂದಿ, ನಾರು, ಪಾತ್ರೆ ತೊಳೆಯುವ ಪುಡಿಯೂ ಬೇಡ. ನೀರಿನ ಸುಣ್ಣದ ಕಲೆ ಆಗಿದ್ದರೆ, ಚಿನ್ನವಿಲ್ಲದ ಗ್ಲಾಸಿಗೆ ನೀರು ಬೆರೆಸಿದ ವಿನೆಗರ್ ಸ್ವಲ್ಪ ಹೊತ್ತು ಹಾಕಿಟ್ಟರೆ ಹೋಗುತ್ತದೆ. ಹೋಗದಿದ್ದರೆ ಗಾಜೇ ತೇವಕ್ಕೆ ಕೆಟ್ಟಿದೆ ಅಂತ ಅರ್ಥ. ತೇವ ಗಾಜಿನೊಳಗಿನ ಕ್ಷಾರವನ್ನು ಹೊರಗೆಳೆಯುತ್ತದೆ, ಮೇಲ್ಮೈ ಸವೆಯುತ್ತದೆ. ಉಜ್ಜಿ ಅದನ್ನು ಸರಿ ಮಾಡಲಾಗದು.

ಪೇಪರಿನಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಇಡುವ ಅಭ್ಯಾಸ ಬಿಡಿ. ಪೇಪರು ತೇವ ಹಿಡಿದಿಡುತ್ತದೆ. ಪೂರ್ತಿ ಒರೆಸಿ ಒಣಗಿಸಿ, ಗಾಳಿ ಆಡುವ ಕಪಾಟಿನಲ್ಲಿ ಬಾಯಿ ಮೇಲೆ ಮಾಡಿ ನಿಲ್ಲಿಸಿ. ಬೋರಲು ಹಾಕಿದರೆ ಒಳಗೆ ತೇವ ಸಿಕ್ಕಿಕೊಳ್ಳುತ್ತದೆ, ತೆಳು ಬಾಯಿಯ ಮೇಲೆ ಭಾರವೂ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ತೆಗೆದು ಮೆತ್ತನೆ ಹತ್ತಿ ಬಟ್ಟೆಯಲ್ಲಿ ಒರೆಸಿಡಿ. ಒರೆಸುವಾಗ ಬಟ್ಟಲನ್ನು ಹಿಡಿದುಕೊಂಡು ಬಟ್ಟಲನ್ನೇ ಒರೆಸಿ. ತಳ ಹಿಡಿದು ಬಟ್ಟಲು ತಿರುಚಿದರೆ ಕಾಲು ಮುರಿಯುತ್ತದೆ.