ಬಳ್ಳಾರಿಯಲ್ಲಿದ್ದುಕೊಂಡು ಆಗಾಗ ಟ್ರ್ಯಾಕ್ ಡೇಗೆ ಹೋಗೋಕೆ 4 ಲಕ್ಷದೊಳಗೆ ಯಾವ ಸೆಕೆಂಡ್ ಹ್ಯಾಂಡ್ ಕಾರು ತಗೊಳ್ಳಲಿ?

ಕೈಯಲ್ಲಿರುವುದು 4 ಲಕ್ಷ, ವಾರವಿಡೀ ತೋರಣಗಲ್ಲಿಗೆ ಕೆಲಸಕ್ಕೂ ಅದೇ ಗಾಡಿ, ವರ್ಷಕ್ಕೆ ಎರಡು-ಮೂರು ಸಲ ಟ್ರ್ಯಾಕ್ ಡೇ (ರೇಸ್ ಟ್ರ್ಯಾಕಿನಲ್ಲಿ ಸ್ವಂತ ಗಾಡಿ ಜೋರಾಗಿ ಓಡಿಸುವ ದಿನ) ಅಂತ ಬರೆದಿದ್ದೀರಿ. ನಿಮ್ಮ ಕಣ್ಣು ಟರ್ಬೊ ಪೆಟ್ರೋಲ್ ಪೋಲೊ ಜಿಟಿ ಟಿಎಸ್‌ಐ ಮೇಲಿದೆ, ಮನೆಯವರು ಪೆಟ್ರೋಲ್ ಸ್ವಿಫ್ಟ್ ಅನ್ನುತ್ತಿದ್ದಾರೆ. ಮನೆಯವರ ಮಾತು ಕೇಳಿ.

ನಮ್ಮ ಕಡೆ ಟ್ರ್ಯಾಕ್ ಇಲ್ಲ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಆಗಲಿ, ಕೊಯಮತ್ತೂರಿನ ಕರಿ ಸ್ಪೀಡ್‌ವೇ ಆಗಲಿ, ಬಳ್ಳಾರಿಯಿಂದ ಹೋಗೋಕೆ ಒಂದು ದಿನ, ಬರೋಕೆ ಒಂದು ದಿನ. ಟ್ರೈಲರ್ ಮೇಲೆ ಹಾಕಿಕೊಂಡು ಹೋಗುವ ಬಜೆಟ್ ಅಲ್ಲ ಇದು. ಅಂದರೆ ಗಾಡಿ ತಾನೇ ಓಡಿಕೊಂಡು ಹೋಗಬೇಕು, ದಿನವಿಡೀ ಪೆಟ್ಟು ತಿನ್ನಬೇಕು, ತಾನೇ ಓಡಿಕೊಂಡು ವಾಪಸ್ ಬರಬೇಕು, ಸೋಮವಾರ ಡ್ಯೂಟಿಗೂ ಸಿದ್ಧ ಇರಬೇಕು. ಈ ಲೆಕ್ಕದಲ್ಲಿ ಹಗುರವಾದ, ಟರ್ಬೊ ಇಲ್ಲದ, ಮ್ಯಾನ್ಯುವಲ್ ಗೇರಿನ ಪೆಟ್ರೋಲ್ ಗಾಡಿಯೇ ಗೆಲ್ಲುತ್ತದೆ.

ಪೋಲೊ ಜಿಟಿ ಕೆಟ್ಟ ಗಾಡಿ ಅಲ್ಲ, 105 ಪಿಎಸ್ ಶಕ್ತಿ ಇದೆ, ನೇರ ರಸ್ತೆಯಲ್ಲಿ ಸ್ವಿಫ್ಟ್ ಅದರ ಹಿಂದೆ ಹತ್ತುವುದಿಲ್ಲ. ತೊಂದರೆ ಇರುವುದು ಅದರ 7 ಗೇರಿನ ಡಿಎಸ್‌ಜಿಯಲ್ಲಿ, ಅಂದರೆ ಎರಡು ಕ್ಲಚ್‌ನ ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನಲ್ಲಿ. ಅದು ಡ್ರೈ ಕ್ಲಚ್, ಅಂದರೆ ಕ್ಲಚ್ ಪ್ಲೇಟಿನ ಬಿಸಿ ಎಳೆದುಕೊಳ್ಳಲು ಸುತ್ತ ಎಣ್ಣೆ ಇಲ್ಲ. ಬಿಸಿ ಹೆಚ್ಚಾದರೆ ಎಚ್ಚರಿಕೆ ದೀಪ ಹತ್ತುತ್ತದೆ. ಗೇರ್ ಬದಲಿಸುವ ಮೆಕಾಟ್ರಾನಿಕ್ ಯೂನಿಟ್ ಕೈಕೊಟ್ಟರಂತೂ ನಿಮ್ಮ ಬಜೆಟ್‌ನ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ಫೋರ್ಡ್ ಫಿಯೆಸ್ಟಾ 1.6 ತಿರುವಿನಲ್ಲಿ ನನಗೆ ಬಹಳ ಇಷ್ಟದ ಗಾಡಿ, ಆದರೆ ಫೋರ್ಡ್ 2021ರಲ್ಲಿ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿತು, ಈಗ ಸಣ್ಣ ಬಿಡಿಭಾಗಕ್ಕೂ ಕಾಯಬೇಕು. ಹೋಂಡಾ ಸಿಟಿ 1.5 ಐ-ವಿಟೆಕ್ ಮ್ಯಾನ್ಯುವಲ್ ಒಳ್ಳೆಯದು ಸಿಕ್ಕರೆ ಬಿಡಬೇಡಿ, ನನ್ನ ಎರಡನೇ ಆಯ್ಕೆ ಅದೇ. ಡೀಸೆಲ್ ಸ್ವಿಫ್ಟ್ ನಮ್ಮ ಮಾರ್ಕೆಟ್‌ನಲ್ಲಿ ಬೇಕಾದಷ್ಟು ಸಿಗುತ್ತದೆ, ಬೇಡ. ಪೆಟ್ರೋಲಿಗಿಂತ ಸುಮಾರು 100 ಕೆಜಿ ಹೆಚ್ಚು, ಅದೂ ಮೂತಿಯ ಮೇಲೆ. ತಿರುವಿನಲ್ಲಿ ಮೂತಿ ಹೊರಗೇ ಎಳೆಯುತ್ತದೆ, ಮುಂದಿನ ಟೈರುಗಳ ಹೊರ ಅಂಚು ಬೇಗ ಸವೆದುಹೋಗುತ್ತದೆ.

ಹಾಗಾಗಿ ಹುಡುಕಬೇಕಾದ್ದು 2011ರ ಕೊನೆಯಿಂದ 2017ರವರೆಗಿನ 1.2 ಪೆಟ್ರೋಲ್ ಸ್ವಿಫ್ಟ್. ತೂಕ ಒಂದು ಟನ್ ಒಳಗೆ, ಎಂಜಿನ್‌ಗೆ ಟೈಮಿಂಗ್ ಬೆಲ್ಟ್ ಬದಲು ಚೈನ್, ಪಾರ್ಟು ಯಾವ ಊರಲ್ಲಾದರೂ ಸಿಗುತ್ತದೆ. ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವುದನ್ನೇ ನೋಡಿ. ಕೀ ಆನ್ ಮಾಡಿದಾಗ ಎಬಿಎಸ್ ದೀಪ ಹತ್ತಿ ಕೆಲವು ಸೆಕೆಂಡಿನಲ್ಲಿ ಆರಬೇಕು. ಹತ್ತಲೇ ಇಲ್ಲವೆಂದರೆ ಒಂದೋ ಆ ಗಾಡಿಗೆ ಎಬಿಎಸ್ ಇಲ್ಲ, ಇಲ್ಲವೇ ದೋಷ ಮುಚ್ಚಲು ಯಾರೋ ದೀಪವನ್ನೇ ಕಿತ್ತಿದ್ದಾರೆ. 4 ಲಕ್ಷವನ್ನೂ ಗಾಡಿಗೇ ಸುರಿಯಬೇಡಿ. ಮೂರಕ್ಕೆ ಗಾಡಿ ಮುಗಿಸಿ, ಉಳಿದದ್ದು ಟೈರು, ಬ್ರೇಕು, ಎಣ್ಣೆ, ಸಸ್ಪೆನ್ಷನ್‌ನ ರಬ್ಬರ್ ಬುಷ್‌ಗಳಿಗೆ ಇರಲಿ.

ನಮ್ಮ ಭಾಗದ ಗಾಡಿ ನೋಡುವಾಗ ಮೊದಲು ನೋಡಬೇಕಾದ್ದು ಅದಿರಿನ ಕೆಂಪು ಧೂಳು. ಸಂಡೂರು, ಹೊಸಪೇಟೆ, ತೋರಣಗಲ್ಲು ರಸ್ತೆಯಲ್ಲಿ ಓಡಿದ ಗಾಡಿಯ ಕಾರ್ಪೆಟ್ ಅಡಿ ಕೆಂಪು ಇದ್ದೇ ಇರುತ್ತದೆ, ಅದಕ್ಕೆ ಹೆದರಬೇಡಿ. ಏರ್ ಫಿಲ್ಟರ್ ಬಾಕ್ಸ್ ತೆಗೆಸಿ. ಫಿಲ್ಟರ್‌ನ ಹೊರಬದಿ ಕೆಂಪಾಗಿರುವುದು ಸಹಜ. ಫಿಲ್ಟರ್ ದಾಟಿ ಥ್ರಾಟಲ್ ಕಡೆ ಹೋಗುವ ರಬ್ಬರ್ ಪೈಪಿನೊಳಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಹಾಕಿ ಒರೆಸಿ. ಬಟ್ಟೆಗೆ ಕೆಂಪು ಹತ್ತಿತೆಂದರೆ ಆ ಪುಡಿ ಸಿಲಿಂಡರಿನೊಳಗೂ ಹೋಗಿದೆ, ಪಿಸ್ಟನ್ ರಿಂಗ್ ಸವೆಸಿದೆ ಅಂತಲೇ ತಿಳಿಯಿರಿ. ಅಂಥ ಎಂಜಿನ್ ಊರೊಳಗೆ ಮೆಲ್ಲಗೆ ಓಡಿಸಿದರೆ ಏನೂ ತೋರಿಸಲ್ಲ, ಟ್ರ್ಯಾಕಿನಲ್ಲಿ 6000 ಆರ್‌ಪಿಎಂನಲ್ಲಿ ಹಿಡಿದರೆ ಎಣ್ಣೆ ಕುಡಿಯುತ್ತದೆ. ಅನುಮಾನ ಬಂದರೆ ಕಂಪ್ರೆಷನ್ ಟೆಸ್ಟ್ (ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಪರೀಕ್ಷೆ) ಮಾಡಿಸಿ. ನಾಲ್ಕೂ ಸಿಲಿಂಡರ್‌ಗಳ ನಡುವೆ 1 ಕೆಜಿ/ಸೆಂ.ಮೀ.²ಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಬಿಟ್ಟುಬಿಡಿ.

ಎರಡನೆಯದು ಬೋರ್‌ವೆಲ್ ನೀರು. ಕೂಲೆಂಟ್ ಕಡಿಮೆಯಾದಾಗೆಲ್ಲ ನಲ್ಲಿ ನೀರು, ಬೋರ್ ನೀರು ಸುರಿಯುವುದು ನಮ್ಮಲ್ಲಿ ಮಾಮೂಲು. ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಕ್ಯಾಪ್ ತೆಗೆದು ಒಳಗೆ ಟಾರ್ಚ್ ಬಿಡಿ. ನಳಿಗೆಗಳ ಬಾಯಿಯಲ್ಲಿ ಬಿಳಿ ಗಟ್ಟಿ ಉಪ್ಪು ಕಟ್ಟಿದ್ದರೆ ರೇಡಿಯೇಟರ್ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಇಳಿಸಿ. ಚಾಕಲೇಟ್ ಬಣ್ಣದ ಕೆನೆ ತೇಲುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಎಣ್ಣೆ, ನೀರು ಬೆರೆಯದಂತೆ ತಡೆಯುವ ಪದರ) ಹೋಗಿರುವ ಸಾಧ್ಯತೆ ಹೆಚ್ಚು, ಚೌಕಾಸಿ ಮಾಡದೆ ವಾಪಸ್ ಬನ್ನಿ. ತಗೊಂಡ ಮೇಲೆ ಸಿಸ್ಟಂ ತೊಳೆಸಿ, ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಸಮಸಮ ಹಾಕಿ.

ಆಂಧ್ರ ನಂಬರಿನ ಗಾಡಿ ಅನಂತಪುರ, ಕರ್ನೂಲು ಕಡೆಯಿಂದ ಕಡಿಮೆಗೆ ಬರುತ್ತದೆ. ಅಲ್ಲಿನ ಎನ್‌ಒಸಿ ತಂದು, ಇಲ್ಲಿ ಲೈಫ್ ಟ್ಯಾಕ್ಸ್ ಮತ್ತೆ ಕಟ್ಟಿ, ಕೆಎ 34 ಹಾಕಿಸುವ ಹೊತ್ತಿಗೆ ಆ ಅಗ್ಗ ಕರಗಿರುತ್ತದೆ. ಆರ್‌ಸಿಯಲ್ಲಿ ಸಾಲದ ನಮೂದು ಉಳಿದಿದೆಯಾ ನೋಡಿ. 15 ವರ್ಷಕ್ಕೆ ಆರ್‌ಸಿ ನವೀಕರಣ ಬರುತ್ತದೆ, 2012ರ ಗಾಡಿಗೆ ಅದು 2027.

ಗಾಡಿ ಮನೆಗೆ ಬಂದ ಮೇಲೆ ಎಕ್ಸಾಸ್ಟ್, ಸ್ಪಾಯ್ಲರ್, ಇಸಿಯು ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸುವುದು) ಯಾವುದಕ್ಕೂ ದುಡ್ಡು ಹಾಕಬೇಡಿ. ಮೊದಲು ಬ್ರೇಕ್ ಆಯಿಲ್. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅನ್ನುವುದು ನಿಯಮ, ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಟ್ರ್ಯಾಕಿನಲ್ಲಿ ಅಷ್ಟು ಬಿಸಿ ನಾಲ್ಕೇ ಸುತ್ತಿಗೆ ಬರಬಹುದು. ಕುದ್ದರೆ ಗುಳ್ಳೆ ಏಳುತ್ತದೆ, ಪೆಡಲ್ ಸ್ಪಂಜಿನಂತಾಗಿ ನೆಲಕ್ಕೆ ಹೋಗುತ್ತದೆ. ಪೆಡಲ್ ಗಟ್ಟಿಯಾಗೇ ಇದ್ದು ಗಾಡಿ ನಿಲ್ಲದಿದ್ದರೆ ಅದು ಪ್ಯಾಡ್ ಸುಟ್ಟದ್ದು. ಈ ವ್ಯತ್ಯಾಸ ಕಾಲಿಗೆ ಗೊತ್ತಿರಬೇಕು. ಹೊರಡುವ ವಾರ ಒಂದು ಲೀಟರ್ ಹೊಸ ಡಾಟ್ 4 ತಂದು ನಾಲ್ಕೂ ಚಕ್ರದಲ್ಲಿ ಹಳೆಯದು ಪೂರ್ತಿ ಹೋಗುವವರೆಗೆ ಬ್ಲೀಡ್ ಮಾಡಿಸಿ. ಒಡೆದು ತಿಂಗಳುಗಟ್ಟಲೆ ಇಟ್ಟ ಡಬ್ಬಿ ಬೇಡ. ಮುಂದಿನ ಪ್ಯಾಡ್ ಅರ್ಧಕ್ಕಿಂತ ಸವೆದಿದ್ದರೆ ಹೊಸದು ಹಾಕಿಸಿ, ಇನ್ನೊಂದು ಜೊತೆ ಡಿಕ್ಕಿಯಲ್ಲಿ ಇರಲಿ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ, 2319 ಅಂದರೆ 2019ರ 23ನೇ ವಾರ. ನಮ್ಮ ಬಿಸಿಲಿಗೆ ರಬ್ಬರ್ ಬೇಗ ಗಟ್ಟಿಯಾಗುತ್ತದೆ, ಟೈರಿನ ಮೇಲಿನ ಗೆರೆ (ಟ್ರೆಡ್) ಎಷ್ಟೇ ಉಳಿದಿದ್ದರೂ ಐದು ವರ್ಷ ದಾಟಿದ್ದನ್ನು ಟ್ರ್ಯಾಕಿಗೆ ಒಯ್ಯಬೇಡಿ. ಎಂಜಿನ್ ಆಯಿಲ್ ಡಿಪ್‌ಸ್ಟಿಕ್‌ನ ಮೇಲಿನ ಗೆರೆಗೇ ಇರಲಿ, ಉದ್ದನೆಯ ತಿರುವಿನಲ್ಲಿ ಎಣ್ಣೆ ಒಂದು ಬದಿಗೆ ಸರಿಯುತ್ತದೆ. ಲೋವರ್ ಆರ್ಮ್ ಬುಷ್, ಬಾಲ್ ಜಾಯಿಂಟ್, ವೀಲ್ ಬೇರಿಂಗ್ ಲಿಫ್ಟ್ ಮೇಲೆ ನೋಡಿಸಿ.

ಇನ್ಶೂರೆನ್ಸ್ ಬಗ್ಗೆ ಕೇಳಿದ್ದಿರಿ. ಸಾಮಾನ್ಯ ಪಾಲಿಸಿಯಲ್ಲಿ ರೇಸಿಂಗ್, ಸ್ಪೀಡ್ ಟೆಸ್ಟಿಂಗ್‌ಗೆ ರಕ್ಷಣೆ ಇಲ್ಲ. ಟ್ರ್ಯಾಕಿನಲ್ಲಿ ಗೋಡೆಗೆ ಗುದ್ದಿದರೆ ಪೂರ್ತಿ ನಿಮ್ಮದೇ ಖರ್ಚು. ಕಳೆದುಕೊಂಡರೆ ತಡೆದುಕೊಳ್ಳಬಲ್ಲ ಬೆಲೆಯ ಗಾಡಿ ತಗೊಳ್ಳಿ ಅನ್ನುವುದು ಇದಕ್ಕೇ.

ಟ್ರ್ಯಾಕಿನಲ್ಲಿ ಒಮ್ಮೆಗೆ ಐದಾರು ಸುತ್ತು ಸಾಕು, ಕೊನೆಯ ಸುತ್ತು ಬ್ರೇಕ್ ಮುಟ್ಟದಷ್ಟು ನಿಧಾನಕ್ಕೆ. ನಿಲ್ಲಿಸಿದ ಮೇಲೆ ಹ್ಯಾಂಡ್ ಬ್ರೇಕ್ ಎಳೆಯಬೇಡಿ, ಗೇರಿನಲ್ಲಿ ಬಿಡಿ. ಬಿಸಿ ಡ್ರಮ್ ತಣ್ಣಗಾಗುವಾಗ ಶೂ ಅಂಟಿಕೊಳ್ಳಬಹುದು. ಟೈರಿನ ಗಾಳಿ ಬಿಸಿಗೆ 5-6 ಪಿಎಸ್‌ಐ ಏರುತ್ತದೆ, ಮೊದಲ ಸೆಷನ್ ಮುಗಿದ ಕೂಡಲೇ ಅಳೆದು, ಹೆಚ್ಚಾದ ಗಾಳಿ ಬಿಟ್ಟು ನಾಲ್ಕನ್ನೂ ಹೊಂದಿಸಿ. ಸಂಜೆ ಊರಿಗೆ ಹೊರಡುವ ಮೊದಲು ಟೈರ್ ತಣಿದ ಮೇಲೆ ಗಾಳಿ ಮತ್ತೆ ತುಂಬಿಸಿ, ಇಲ್ಲದಿದ್ದರೆ ಕಡಿಮೆ ಗಾಳಿಯಲ್ಲೇ ರಾತ್ರಿಯಿಡೀ ಹೈವೇ ಓಡಿಸಿದಂತಾಗುತ್ತದೆ. ವೀಲ್ ನಟ್‌ಗಳನ್ನೂ ಟಾರ್ಕ್ ವ್ರೆಂಚ್‌ನಿಂದ ಒಂದೊಂದಾಗಿ ಇನ್ನೊಮ್ಮೆ ನೋಡಿಕೊಳ್ಳಿ.